ಗುಲಾಬಿ ಕಾಯಿಕೊರಕದ ಸಂತಾನಕ್ರಮ: ಹಾರ್ಮೋನು, ಹಗಲಿರುಳು ಮತ್ತು ರಾಯಚೂರು ಸೀಮೆ

ಗುಲಾಬಿ ಕಾಯಿಕೊರಕ (ಪೆಕ್ಟಿನೊಫೋರಾ ಗಾಸಿಪಿಯೆಲ್ಲಾ) ರಾಯಚೂರು, ದೇವದುರ್ಗ, ಮಾನ್ವಿ ತಾಲ್ಲೂಕುಗಳ ಹತ್ತಿಗೆ ಬೀಳುವ ಕೀಟ. ಭರೂಚಿನಿಂದ ಬಂದ ಮಾದರಿಗಳನ್ನು ಆಧರಿಸಿ ಡಬ್ಲ್ಯು. ಡಬ್ಲ್ಯು. ಸಾಂಡರ್ಸ್ 1843ರಲ್ಲಿ ಇದನ್ನು ಮೊದಲು ವರ್ಣಿಸಿದರು.

ಹಗಲು ಅಡಗಿರುವ ಪತಂಗಗಳು ನಡುರಾತ್ರಿ ಕಳೆದ ಮೇಲೆ ಕೂಡುತ್ತವೆ. ಹೆಣ್ಣು ಹೊಟ್ಟೆಯ ತುದಿಯ ಗ್ರಂಥಿಯಿಂದ ವಾಸನೆ ಬಿಡುತ್ತದೆ; ಗಂಡು ಅದರ ಜಾಡು ಹಿಡಿದು ಗಾಳಿಗೆ ಎದುರಾಗಿ ಹಾರಿ ಬರುತ್ತದೆ. ಈ ವಾಸನೆಯ ರಸಾಯನದ ಬಗ್ಗೆ ಹಳೆಯ ಬರಹಗಳಲ್ಲಿ ಗೊಂದಲವಿದೆ. 1966ರಲ್ಲಿ ಅಮೆರಿಕದಲ್ಲಿ ‘ಪ್ರೊಪಿಲ್ಯೂರ್’ ಎಂಬ ವಸ್ತುವೇ ಅದೆಂದು ಪ್ರಕಟವಾಯಿತು. ಆದರೆ ಅದಕ್ಕೆ ಗಂಡುಗಳು ಬರಲಿಲ್ಲ. ನಿಜವಾದ ಉತ್ತರ ಸಿಕ್ಕಿದ್ದು 1973ರಲ್ಲಿ: ಎರಡು ಸಮಾಂಗಿಗಳು ಹೆಚ್ಚುಕಡಿಮೆ ಸಮಪಾಲಿನಲ್ಲಿ ಬೆರೆತ ಗಾಸಿಪ್ಲ್ಯೂರ್. ಇಂದು ಹತ್ತಿ ಹೊಲದ ಮೋಹಕ ಬಲೆಯೊಳಗಿನ ಪುಟ್ಟ ರಬ್ಬರ್ ತುಂಡಿನಲ್ಲಿರುವುದು ಇದೇ. ಮೂರು ರಾತ್ರಿ ಸತತವಾಗಿ ಬಲೆಗೆ ಎಂಟೆಂಟು ಗಂಡು ಪತಂಗ ಬಿದ್ದರೆ ಕ್ರಮ ಕೈಗೊಳ್ಳಬೇಕೆಂಬುದು ಶಿಫಾರಸು.

ವಾಸನೆ ರಾತ್ರಿಯೇ ಏಕೆ ಹೊಮ್ಮುತ್ತದೆ? ಅಶೋಕ ರೈನಾ ಮತ್ತು ಜೆರೋಮ್ ಕ್ಲುನ್ 1984ರಲ್ಲಿ, ಹಸಿರು ಕಾಯಿಕೊರಕದ ಅಮೆರಿಕದ ಬಂಧುವಿನಲ್ಲಿ, ಕತ್ತಲಾದ ಮೇಲೆ ಮಿದುಳಿನ ಹಾರ್ಮೋನೊಂದು ಗ್ರಂಥಿಗೆ ಅಪ್ಪಣೆ ಕೊಡುತ್ತದೆಂದು ತೋರಿಸಿದರು. 33 ಅಮೈನೋ ಆಮ್ಲಗಳ ಅದರ ರಚನೆ 1989ರಲ್ಲಿ ತಿಳಿಯಿತು. ಗುಲಾಬಿ ಕಾಯಿಕೊರಕದ ಮೊಟ್ಟೆಯಿಡುವ ಲಯವನ್ನೇ ಗಡಿಯಾರವಾಗಿಟ್ಟುಕೊಂಡು ಡೊರೊತಿಯಾ ಮಿನಿಸ್ ಮತ್ತು ಕಾಲಿನ್ ಪಿಟೆಂಡ್ರಿ ಅದಕ್ಕೂ ಮುನ್ನ, 1960ರ ದಶಕದಲ್ಲಿ, ಕೀಟಗಳು ಹಗಲಿನ ಉದ್ದವನ್ನು ಅಳೆಯುವ ಬಗೆಯನ್ನು ಹುಡುಕಿದ್ದರು.

ಈ ಸೀಮೆಯ ಮಟ್ಟಿಗೆ ಮುಖ್ಯವಾದ ತೊಡಕು ಸುಪ್ತಾವಸ್ಥೆಯದು. ಹಗಲು ಸುಮಾರು 13 ಗಂಟೆಗಿಂತ ಕಿರಿದಾದರೆ ಪೂರ್ಣ ಬೆಳೆದ ಹುಳು ಕೋಶವಾಗದೆ ನಿಂತುಬಿಡುತ್ತದೆ ಎಂದು ಟೆಕ್ಸಾಸ್‌ನ ಪೆರಿ ಅಡ್ಕಿಸನ್ ಅದೇ ದಶಕದಲ್ಲಿ ತೋರಿಸಿದರು. ರಾಯಚೂರಿನಲ್ಲಿ ವರ್ಷದ ಅತಿ ದೀರ್ಘ ಹಗಲೇ 13 ಗಂಟೆಯ ಆಸುಪಾಸು. ಆ ನಿಯಮ ಇಲ್ಲಿಗೂ ಸಲ್ಲುವುದಾದರೆ ಹತ್ತಿಯ ಹಂಗಾಮಿನುದ್ದಕ್ಕೂ ಹುಳು ಮಲಗಿಯೇ ಇರಬೇಕಿತ್ತು. ದಕ್ಷಿಣ ಭಾರತದ ತಳಿಯೊಂದು ಸುಪ್ತಾವಸ್ಥೆಗೆ ಹೋಗುವುದಿಲ್ಲವೆಂದು ರೈನಾ ಮತ್ತು ಬೆಲ್ 1974ರಲ್ಲಿ ವರದಿ ಮಾಡಿದರು. ಹಾಗಾಗಿ ಟೆಕ್ಸಾಸಿನ ಲೆಕ್ಕವನ್ನು ಇಲ್ಲಿಗೆ ಹಾಗೆಯೇ ಹೊಂದಿಸುವುದು ತಪ್ಪು. ಮಾನ್ವಿಗೆ ತುಂಗಭದ್ರಾ ಎಡದಂಡೆ, ದೇವದುರ್ಗಕ್ಕೆ ನಾರಾಯಣಪುರ ಬಲದಂಡೆ ಕಾಲುವೆಯ ನೀರಿದೆ. ನೀರುಂಡ ಹತ್ತಿ ಹೊಲದಲ್ಲಿ ನಿಂತಷ್ಟು ದಿನ ಹುಳುವಿಗೆ ತಲೆಮಾರಿನ ಮೇಲೆ ತಲೆಮಾರು.

ಹುಳುವನ್ನು ಕೊಲ್ಲುವ ಜೀನು ಸೇರಿಸಿದ ಬಿಟಿ ಹತ್ತಿ 2002ರಲ್ಲಿ, 2006ರಲ್ಲಿ ಎರಡು ಜೀನುಗಳ ಬಿಟಿ ಬಂದವು. ಕೀಟ ಎರಡಕ್ಕೂ ನಿರೋಧ ಬೆಳೆಸಿಕೊಂಡಿತು. ಆಮೇಲೆ ಗಮನ ಮತ್ತೆ ವಾಸನೆಯತ್ತ ಹೊರಳಿತು. ಗಾಸಿಪ್ಲ್ಯೂರ್ ಬೆರೆಸಿದ ಮೇಣದಂಥ ಲೇಪವನ್ನು ಗಿಡಕ್ಕೆ ಹಚ್ಚಿ, ಗಂಡಿಗೆ ಹೆಣ್ಣಿನ ಜಾಡು ಸಿಗದಂತೆ ಮಾಡುವ ಪ್ರಯೋಗದ ಫಲಿತಾಂಶವನ್ನು ರಾಯಚೂರು ಕೃಷಿ ವಿಶ್ವವಿದ್ಯಾಲಯದ ಕೀಟಶಾಸ್ತ್ರಜ್ಞರು 2021ರಲ್ಲಿ ಪ್ರಕಟಿಸಿದರು. ಬೇರೆಡೆ ಕೂಡಿ ಬಂದ ಹೆಣ್ಣು ಮೊಟ್ಟೆಯಿಡುವುದನ್ನು ಈ ಲೇಪ ತಡೆಯದು. ಆದ್ದರಿಂದ ಅಕ್ಕಪಕ್ಕದ ಹೊಲಗಳಲ್ಲೆಲ್ಲ ಒಟ್ಟಿಗೆ ಬಳಸಬೇಕಾಗುತ್ತದೆ.