ನಮ್ಮ ಕಾಕಾನ ಪೋಸ್ಟು

ಹೋದ ರವಿವಾರ ಮುಂಜಾನೆ ನಾಷ್ಟಾ ಮುಗಿಸಿ ಎಲ್ಲಾರೂ ಪಡಸಾಲ್ಯಾಗ ಕೂತಿದ್ವಿ. ನಮ್ಮ ಕಾಕಾ ತೂಗುಮಂಚದ ಮ್ಯಾಲೆ ಪೇಪರ ಓದಲಿಕ್ಕತ್ತಿದ್ದಾ. ನನ್ನ ಮಗಳು ಅವನ ಫೋಟೋ ಹೊಡದು, "ಅಜ್ಜಾ, ಭಾಳ ಛಂದ ಬಂದದ. ಪೋಸ್ಟ್ ಮಾಡ್ಲೇನು?" ಅಂತ ಕೇಳಿದ್ಲು.

ಕಾಕಾ ಚಷ್ಮಾದ ಮ್ಯಾಲಿಂದ ಅಕೀನ್ನ ನೋಡಿ, "ಪೋಸ್ಟ್ ಬ್ಯಾಡವಾ, ನಡುವ ಎಲ್ಲರೆ ಕಳದ ಹೋಗತದ. ಕೈಲೇ ಕೊಟ್ಟ ಬಾ" ಅಂದಾ.

ಎಲ್ಲಾರೂ ನಕ್ಕರು. ಅಜ್ಜಗ ಫೋನ್ ಬಗ್ಗೆ ತಿಳಿಯಂಗಿಲ್ಲ ಅಂತ ನನ್ನ ಮಗಳು ತಿಳಕೊಂಡ್ಲು. ಆದರ ಕಾಕಾ ದಿನಾ ಮುಂಜಾನೆ ಆರಕ್ಕ ಎದ್ದು ಐವತ್ತ ಮಂದಿಗೆ ವಾಟ್ಸಪ್ಪಿನಾಗ ಶುಭೋದಯ ಕಳಸಾಂವ. ಅವಗ ಎಲ್ಲಾ ಗೊತ್ತದ. ಅವಾ ಅಂದದ್ದು ಬ್ಯಾರೆನ ಪೋಸ್ಟಿನ ಮಾತು.

1974ನೇ ಇಸ್ವಿ. ಕಾಕಾಗ ಆವಾಗ ಇಪ್ಪತ್ಮೂರ ವರ್ಷ. ಒಂದ ಸರಕಾರಿ ಆಫೀಸಿನಾಗ ಕ್ಲರ್ಕ್ ಪೋಸ್ಟಿಗೆ ಅರ್ಜಿ ಹಾಕಿ, ಪರೀಕ್ಷಾ ಪಾಸಾಗಿ, ಆರ್ಡರ್ ಸಲುವಾಗಿ ದಿನಾ ಕಟ್ಟಿ ಮ್ಯಾಲೆ ಕೂತ ಪೋಸ್ಟಮನ್ನನ ದಾರಿ ಕಾಯತಿದ್ದನಂತ. ಆರ್ಡರ್ ಬಂತು. ಜೂನ್ 10ರ ಒಳಗ ಹಾಜರಾಗ್ರಿ ಅಂತಿತ್ತು, ಬಂದದ್ದು ಮಾತ್ರ ಜೂನ್ 19ಕ್ಕ! ನಮ್ಮೂರ ಹೆಸರಿಂದ ಇನ್ನೊಂದ ಊರು ಬೆಳಗಾವಿ ಕಡೆ ಅದ. ಲಕೋಟಿ ಅಲ್ಲಿಗೆ ಹೋಗಿ, ನಾಕ ದಿವಸ ಇದ್ದು, ತಿರುಗಿ ಬಂದಿತ್ತು. ಕಾಕಾ ಅವತ್ತ ರಾತ್ರಿನ ಬಸ್ ಹತ್ತಿ ಹೋದಾ. ಅಷ್ಟರಾಗ ಆ ಜಾಗಾದಾಗ ಮುಂದಿನ ನಂಬರಿನಾಂವ ಕೂತ ಬಿಟ್ಟಿದ್ದಾ. "ಪೋಸ್ಟ್ ತಡಾ ಆತು, ಪೋಸ್ಟ್ ಹೋತು" ಅಂತ ನಮ್ಮ ಅಜ್ಜಿ ಸಾಯೋತನಕಾ ಅಂತಿದ್ಲು. ಅಕಿಗೆ ಬರತಿದ್ದ ನಾಲ್ಕ ಇಂಗ್ಲಿಷ್ ಶಬ್ದದಾಗ ಅದೂ ಒಂದು.

ಪಿನ್ ಕೋಡ್ ಬಂದು ಆವಾಗಿನ್ನೂ ಎರಡ ವರ್ಷ ಆಗಿತ್ತು. ಶ್ರೀರಾಮ ಭಿಕಾಜಿ ವೇಲಣಕರ್ ಅನ್ನೋರು, ಸಂಸ್ಕೃತ ಪಂಡಿತರೂ ಹೌದು, 1972ರ ಆಗಸ್ಟ್ 15ಕ್ಕ ಅದನ್ನ ಶುರು ಮಾಡಿಸಿದ್ರು. ಒಂದ ಹೆಸರಿನ ಹತ್ತ ಊರು, ಹತ್ತ ಭಾಷಾದ ವಿಳಾಸ, ಇದರ ಗೊಂದಲ ಹೋಗ್ಲಿ ಅಂತನ ಅದು ಬಂದದ್ದು. ಆದರ ಕಾಕಾ ಅರ್ಜಿಯೊಳಗ ಆ ಆರ ಅಂಕಿ ಬರದಿದ್ದಿಲ್ಲ. ಹಳ್ಳ್ಯಾಗ ಯಾರ ಬರೀತಿದ್ರು ಹೇಳ್ರಿ ಆವಾಗ?

ಅವತ್ತ ಮಧ್ಯಾಹ್ನ ನಾ ಡಿಕ್ಷನರಿ ಹಿಡಕೊಂಡ ಕೂತೆ. ನೋಡಿದ್ರ ಈ ಪೋಸ್ಟ್ ಅನ್ನೋದು ಒಂದ ಶಬ್ದನ ಅಲ್ಲ. ನಮ್ಮ ಕಡೆ ಹತ್ತ ಊರಿಗೆ ಹತ್ತ ಕುಲಕರ್ಣಿ ಮನಿತನ ಇರ್ತಾವಲ್ಲ, ಅಡ್ಡಹೆಸರ ಒಂದ, ಸಂಬಂಧ ಏನೂ ಇಲ್ಲ, ಹಂಗ.

ಮೊದಲನೇ ಮನಿತನ ಕಂಬದ್ದು. ಲ್ಯಾಟಿನ್ನಿನ 'ಪೋಸ್ಟಿಸ್' ಅಂದ್ರ ಬಾಗಲದ ನಿಲುವಿನ ಕಟ್ಟಿಗಿ, ಕಂಬ. ಇಂಗ್ಲಿಷಿಗೆ ಇದು ಬಂದು ಸಾವಿರ ವರ್ಷ ಆತು. ಗೋಲ್ ಪೋಸ್ಟ್, ಲ್ಯಾಂಪ್ ಪೋಸ್ಟ್ ಇದರವು. ಹದಿನೇಳನೇ ಶತಮಾನದಾಗ ಇಂಗ್ಲೆಂಡಿನ ಮಂದಿ ನೋಟೀಸ್ ಬರದು ಬೀದಿ ಕಂಬಕ್ಕ ಮೊಳೆ ಹೊಡದು ಹಚ್ಚತಿದ್ರು. ಹಂಗ ಹಚ್ಚೋದಕ್ಕ ಪೋಸ್ಟ್ ಮಾಡೋದು ಅಂತ ಹೆಸರು ಬಂತು, ಹಚ್ಚಿದ ಕಾಗದ ಪೋಸ್ಟರ್ ಆತು. ನನ್ನ ಮಗಳು ಫೇಸ್‌ಬುಕ್ಕಿನಾಗ ಮಾಡೋ ಪೋಸ್ಟೂ ಇದ ವಂಶದ್ದು, ಟಪಾಲಿನದ್ದಲ್ಲ!

ಎರಡನೇದು ಲ್ಯಾಟಿನ್ನಿನ 'ಇಡು' ಅನ್ನೋ ಕ್ರಿಯಾಪದದಿಂದ ಬಂದದ್ದು. ಇಟಾಲಿಯನ್, ಫ್ರೆಂಚ್ ಭಾಷಾ ದಾಟಿ ಹದಿನಾರನೇ ಶತಮಾನದಾಗ ಇಂಗ್ಲಿಷಿಗೆ ಬಂತು. ರಾಜಾನ ಕಾಗದ ಲಗೂ ಮುಟ್ಟಲಿ ಅಂತ ಹೆದ್ದಾರಿ ಮ್ಯಾಲೆ ಇಷ್ಟಿಷ್ಟ ದೂರಕ್ಕ ಕುದುರಿ, ಸವಾರ ಇಡತಿದ್ರು. ಹಂಗ ಇಟ್ಟಿದ್ದಕ್ಕ ಪೋಸ್ಟ್. ಮುಂದ ಅಂವ ಒಯ್ಯೋ ಕಾಗದನೂ ಪೋಸ್ಟ್. ಎಂಟನೇ ಹೆನ್ರಿ ಇದಕ್ಕಂತ ಬ್ರಯಾನ್ ಟ್ಯೂಕ್ ಅನ್ನೋ ಅಧಿಕಾರಿನ್ನ ಇಟ್ಟಿದ್ದಾ. ಸಾಮಾನ್ಯ ಮಂದಿಗೆ ಈ ವ್ಯವಸ್ಥಾ ತೆರದದ್ದು 1635ರಾಗ, ಒಂದನೇ ಚಾರ್ಲ್ಸ್‌ನ ಕಾಲದಾಗ.

ಸಿಪಾಯಿನ್ನ ನಿಲ್ಲಸೋ ಜಾಗಾನೂ ಪೋಸ್ಟ್, ಮನಶ್ಯಾನ್ನ ಕೂಡಸೋ ನೌಕರಿನೂ ಪೋಸ್ಟ್, ಎಲ್ಲಾ ಅದ 'ಇಟ್ಟದ್ದು'. ಅಂದ್ರ ಕಾಕಾನ ನೌಕರಿ, ಕಾಕಾನ ಲಕೋಟಿ ಎರಡೂ ಅಕ್ಕ-ತಂಗಿ. ಅಕ್ಕ ದಾರಿ ತಪ್ಪಿದ್ಲು, ತಂಗಿ ಕೈ ತಪ್ಪಿದ್ಲು.

ಮೂರನೇದು ಲ್ಯಾಟಿನ್ನಿನ 'ಆಮ್ಯಾಲೆ' ಅನ್ನೋ ಅರ್ಥದ 'ಪೋಸ್ಟ್'. ಪೋಸ್ಟ್‌ಮಾರ್ಟಮ್, ಪೋಸ್ಟ್ ಗ್ರ್ಯಾಜುಯೇಟ್, ಗಡಿಯಾರದ ಪಿ.ಎಂ. ಎಲ್ಲಾ ಇದರವು.

ನಮ್ಮ ಅಜ್ಜಿ ನೌಕರಿಗೆ ಪೋಸ್ಟ್ ಅಂದ್ರೂ ಕಾಗದಕ್ಕ ಬಹುತೇಕ ಟಪಾಲ ಅಂತಿದ್ಲು. ಧಾರವಾಡ ಮುಂಬೈ ಇಲಾಖೆದಾಗ ಇತ್ತು, ಮರಾಠಿಯೊಳಗೂ ಅದ ಶಬ್ದ. ಮೈಸೂರು ಕಡೆ ಅಂಚೆ. ಅಲ್ಲೆ ಚಿಕ್ಕದೇವರಾಜ ಒಡೆಯರು 1672ರಾಗ ಶುರು ಮಾಡಿದ ಸ್ವಂತ ಅಂಚೆ ಇತ್ತು, 1889ಕ್ಕ ಅದು ಇಂಗ್ರೇಜರ ಪೋಸ್ಟಿನಾಗ ಕೂಡ್ತು. ಈಗ ನಮ್ಮೂರ ಬೋರ್ಡಿನ ಮ್ಯಾಲೂ ಅಂಚೆ ಕಚೇರಿ ಅಂತನ ಅದ, ಮಂದಿ ಮಾತ್ರ ಇನ್ನೂ ಪೋಸ್ಟ್ ಆಫೀಸ್ ಅಂತಾರ.

ಸಂಜಿಗೆ ಚಹಾ ಕುಡೀತ ಇದನ್ನೆಲ್ಲಾ ಕಾಕಾನ ಮುಂದ ಹೇಳಿದೆ. ನೌಕರಿ ತಪ್ಪಿದ ಮ್ಯಾಲೆ ಕಾಕಾ ಹುಬ್ಬಳ್ಳಿಯೊಳಗ ಹತ್ತಿ ದಲಾಲಿ ಅಂಗಡ್ಯಾಗ ಲೆಕ್ಕಾ ಬರಿಯೋ ಕೆಲಸಕ್ಕ ಹೋದಾಂವ, ಮೂವತ್ತಾರ ವರ್ಷ ಅಲ್ಲೇ ಕಳದಾ. ದಿನಾ ಕಿರ್ದಿ ಬರಿಯೋದು, ಕಿರ್ದಿಯಿಂದ ತಗದು ಒಬ್ಬೊಬ್ಬರ ಖಾತೆಗೆ ಏರಸೋದು. ಖತಾವಣಿ ಅಂತೀವಲ್ಲ, ಅದು.

"ಕಾಕಾ, ಖತಾವಣಿಗೆ ಇಂಗ್ಲಿಷಿನಾಗ ಏನಂತಾರ ಗೊತ್ತೇನು? ಪೋಸ್ಟಿಂಗ್. ನಾಲ್ಕನೂರ ವರ್ಷದಿಂದ ಹಂಗ ಅಂತಾರ. ಒಂದ ವಹಿಯಿಂದ ಇನ್ನೊಂದ ವಹಿಗೆ ಒಯ್ದ ಮುಟ್ಟಸೋದಲ್ಲ, ಟಪಾಲ ಒಯ್ದಂಗ."

ಕಾಕಾ ಕಪ್ ಕೆಳಗ ಇಟ್ಟಾ. ಸ್ವಲ್ಪ ಹೊತ್ತ ಮಾತಾಡಲಿಲ್ಲ. ಆಮ್ಯಾಲೆ ಎದ್ದು ಹೋಗಿ ಟ್ರಂಕಿನಾಗಿಂದ ಆ ಲಕೋಟಿ ತಂದಾ. ಎರಡೂ ಊರಿನ ಶಿಕ್ಕಾ ಇನ್ನೂ ಕಾಣಸ್ತಾವ. ಇಷ್ಟ ವರ್ಷದಾಗ ಅದನ್ನ ನನಗ ತೋರಿಸಿದ್ದು ಅದ ಮೊದಲನೇ ಸಲಾ.

"ಅಂದ್ರ ಪೋಸ್ಟ್ ಸಿಗಲಿಲ್ಲ ಅಂತ ಅತಗೋತ ಜೀವನಪೂರ್ತಿ ಪೋಸ್ಟ ಮಾಡಿದೆ ಅನ್ನು" ಅಂದಾ. ಮತ್ತ ಲಕೋಟಿ ತಿರುಗಿಸಿ ನೋಡಿ ಅಂದಾ, "ಆದರ ನೋಡ ತಮ್ಮಾ, ನಾ ಹಾಕಿದ್ದು ಒಂದೂ ತಪ್ಪ ಖಾತೆಗೆ ಹೋಗಿಲ್ಲ."

ಆಮ್ಯಾಲೆ ನನ್ನ ಮಗಳನ್ನ ಕರದು, "ಬಾರವಾ, ಇದರ ಫೋಟೋ ಹೊಡಿ. ಈಗ ಪೋಸ್ಟ್ ಮಾಡು" ಅಂದಾ.