ನಡುವೆ ಕಡಿದ ಮಾತು

ದೂರವಾಣಿಯ ಚರಿತ್ರೆಯೆಂದರೆ ಯಾರ ಕರೆಯನ್ನು ಒಳಬಿಡಬೇಕು, ಯಾರದನ್ನು ತಡೆಯಬೇಕು ಎಂಬುದರ ಚರಿತ್ರೆಯೂ ಹೌದು. ಟ್ರಂಕ್ ಕಾಲ್‌ನ ಕಾಲದಲ್ಲಿ ಊರಿಗೆ ಕರೆ ಕಾಯ್ದಿರಿಸಿ ತಾಸುಗಟ್ಟಲೆ ಕಾಯಬೇಕಿತ್ತು. ಹೆಚ್ಚು ಹಣ ತೆತ್ತ ‘ಅರ್ಜೆಂಟ್’, ‘ಲೈಟ್ನಿಂಗ್’ ಕರೆಗಳು ಸರದಿ ಮೀರಿ ಸಾಗುತ್ತಿದ್ದವು.

ಮೊಬೈಲ್ ಬಂದಾಗ ಗಡಿಗಳು ಬದಲಾದವು. ಸ್ಥಿರ ದೂರವಾಣಿಯಲ್ಲಿ ಥಾಣೆ, ನವಿಮುಂಬಯಿಗಳಿಗೆ 022, ಕಲ್ಯಾಣ–ಡೊಂಬಿವಲಿಗಳಿಗೆ 0251. ಮೊಬೈಲ್ ಪರವಾನಗಿಯಲ್ಲಿ ಮಾತ್ರ ಎಲ್ಲವೂ ಮುಂಬಯಿ ವಲಯವೇ. ಆದರೆ ಸ್ಥಳದ ಅಭಾವ ತಪ್ಪಲಿಲ್ಲ. ಜಿಎಸ್‌ಎಂ ವ್ಯವಸ್ಥೆಯ ಒಂದು ವಾಹಕ ತರಂಗದಲ್ಲಿರುವುದು 8 ಕಾಲಖಂಡಗಳು. ಕಲ್ಯಾಣದಿಂದ ಹೊರಟ ಲೋಕಲ್ ಥಾಣೆ ಮುಟ್ಟುವುದರೊಳಗೆ ಅದರಲ್ಲಿನ ಮಾತುಗಳೆಲ್ಲ ಗೋಪುರದಿಂದ ಗೋಪುರಕ್ಕೆ ದಾಟಬೇಕು. ಮುಂದಿನ ಗೋಪುರದಲ್ಲಿ ತೆರವಿಲ್ಲದಿದ್ದರೆ ಮಾತು ಕಡಿಯುತ್ತದೆ. ಕೆಲವು ಮಾರ್ಗಗಳನ್ನು ದಾಟಿಬರುವ ಕರೆಗಳಿಗೇ ಮೀಸಲಿಡುವ ಉಪಾಯವನ್ನು ಹಾಂಗ್ ಮತ್ತು ರ್‍ಯಾಪಪೋರ್ಟ್ 1986ರಲ್ಲಿ ವಿಶ್ಲೇಷಿಸಿದರು. ನಡೆಯುತ್ತಿರುವ ಮಾತನ್ನು ಕಡಿಯುವುದಕ್ಕಿಂತ ಹೊಸ ಕರೆಯನ್ನು ಬಾಗಿಲಲ್ಲೇ ತಡೆಯುವುದು ಲೇಸೆಂಬುದು ಅದರ ತಿರುಳು.

ಕಡಿದುಹೋಗುವ ಕರೆಗಳು ಶೇ. 2ನ್ನು ಮೀರಬಾರದೆಂದು ದೂರಸಂಪರ್ಕ ನಿಯಂತ್ರಣ ಪ್ರಾಧಿಕಾರ 2009ರಲ್ಲಿ ವಿಧಿಸಿತು. 2015ರಲ್ಲಿ ಕಡಿದ ಕರೆಯೊಂದಕ್ಕೆ 1 ರೂಪಾಯಿಯಂತೆ, ದಿನಕ್ಕೆ 3 ಕರೆಗಳವರೆಗೆ ಪರಿಹಾರವನ್ನೂ ಗೊತ್ತುಪಡಿಸಿತು. 2016ರ ಮೇ ತಿಂಗಳಲ್ಲಿ ಸರ್ವೋಚ್ಚ ನ್ಯಾಯಾಲಯ ಅದನ್ನು ರದ್ದುಮಾಡಿತು. ಉಳಿದದ್ದು ಶೇಕಡಾವಾರು ಲೆಕ್ಕ. ಕಡಿದದ್ದು ಯಾರ, ಯಾವ ಮಾತು ಎಂಬುದನ್ನು ಆ ಲೆಕ್ಕ ಹೇಳದು.