ಮಾತಿಗೂ ತಾಲೀಮು ಬೇಕು: ತುಮಕೂರು ಸೀಮೆಯ ಭಾಷಣಕಾರರ ಒಡನಾಟ

ತುಮಕೂರಿನ ಯಾವುದೇ ಸಭಾಂಗಣಕ್ಕೆ ಭಾನುವಾರ ಹೋದರೂ ಒಂದು ಕಾರ್ಯಕ್ರಮ ಸಿಗುತ್ತದೆ. ಸ್ವಾಗತ, ಪ್ರಾಸ್ತಾವಿಕ, ಉದ್ಘಾಟನೆ, ಮುಖ್ಯ ಅತಿಥಿಗಳ ನುಡಿ, ಅಧ್ಯಕ್ಷರ ನುಡಿ, ವಂದನಾರ್ಪಣೆ. ಮಾತು ಮುಗಿಸಿದವರಿಗೆ ಹಾರ, ಶಾಲು, ಹಣ್ಣಿನ ಬುಟ್ಟಿ. ಕೆಳಗಿಳಿದ ಮೇಲೆ ಸಂಘಟಕರು ‘ಬಹಳ ಚೆನ್ನಾಗಿ ಮಾತಾಡಿದ್ರಿ ಸಾರ್’ ಎನ್ನುತ್ತಾರೆ. ‘ಇಪ್ಪತ್ತು ನಿಮಿಷ ಜಾಸ್ತಿ ಆಯ್ತು, ಎರಡನೆಯ ಉದಾಹರಣೆ ಬೇಕಿರಲಿಲ್ಲ’ ಎಂದು ಹೇಳುವವರು ಯಾರೂ ಇಲ್ಲ. ಹೇಳಬಲ್ಲವರೆಂದರೆ ಅದೇ ವೇದಿಕೆಯ ಮೇಲಿದ್ದ ಇತರ ಭಾಷಣಕಾರರು. ಅವರೋ ತಮ್ಮ ಸರದಿಗೆ ಕಾಯುತ್ತ ಕೈಯಲ್ಲಿನ ಚೀಟಿ ನೋಡಿಕೊಳ್ಳುತ್ತಿರುತ್ತಾರೆ.

ಹಾಗೆ ಹೇಳುವ ಜೊತೆಗಾರರು ಈ ಸೀಮೆಗೆ ಹೊಸಬರಲ್ಲ. ಕುಣಿಗಲ್ ತಾಲ್ಲೂಕಿನ ಕಗ್ಗೆರೆಯಲ್ಲಿ ತಪಸ್ಸು ಮಾಡಿ ಎಡೆಯೂರಿನಲ್ಲಿ ಐಕ್ಯರಾದ ತೋಂಟದ ಸಿದ್ಧಲಿಂಗ ಯತಿಗಳ ಜೊತೆ 701 ಮಂದಿ ವಿರಕ್ತರಿದ್ದರೆಂದು ಪರಂಪರೆ ಹೇಳುತ್ತದೆ. ಆ ಸಂಖ್ಯೆಯನ್ನು ಲೆಕ್ಕವಾಗಿ ಓದಬೇಕಿಲ್ಲ. ಒಂದು ದೊಡ್ಡ ಗೋಷ್ಠಿ ಸುತ್ತಾಡುತ್ತಿತ್ತು ಎಂದರೆ ಸಾಕು. ಹಲವರು ಸಂಕಲಿಸಿದ ‘ಶೂನ್ಯಸಂಪಾದನೆ’ಯ ಒಂದು ಆವೃತ್ತಿ ಅದೇ ಪರಂಪರೆಯ ಗೂಳೂರು ಸಿದ್ಧವೀರಣ್ಣೊಡೆಯರದು. ಗೂಳೂರು ತುಮಕೂರಿಗೆ ಅಂಟಿಕೊಂಡ ಊರು. ಬಿಡಿಬಿಡಿಯಾಗಿದ್ದ ವಚನಗಳನ್ನು ಈ ಸಂಕಲನಕಾರರು ಪ್ರಶ್ನೆ–ಉತ್ತರವಾಗಿ, ಮಾತಿಗೆ ಎದುರು ಮಾತಾಗಿ ಹೆಣೆದದ್ದು ಸಣ್ಣ ಸಂಗತಿಯಲ್ಲ. ಅಲ್ಲಿ ಅಕ್ಕಮಹಾದೇವಿಯಾಗಲಿ ಸಿದ್ಧರಾಮನಾಗಲಿ ಅಲ್ಲಮನ ಪ್ರಶ್ನೆಗಳನ್ನು ದಾಟದೆ ಸಭೆಯೊಳಗೆ ಕೂರುವಂತಿಲ್ಲ. ಒಬ್ಬರ ಮಾತು ಸಮಾನರ ಎದುರು ನಿಂತು ಗಟ್ಟಿಯಾಗಬೇಕು ಎಂಬುದನ್ನೇ ಆ ಗೋಷ್ಠಿ ಮುಖ್ಯವೆಂದು ತಿಳಿದಿತ್ತು. ನನಗೆ ಕಂಡಂತೆ ನಮ್ಮ ಭಾಗದ ಭಾಷಣ ಕಲೆಯ ಚರಿತ್ರೆ ಶುರುವಾಗುವುದು ಇಲ್ಲಿಂದ, ಇಂಗ್ಲಿಷ್ ಶಾಲೆಗಳಿಂದಲ್ಲ.

ಅದೇ ಕಾಲದ ಗುಬ್ಬಿಯಲ್ಲಿ ಮಲ್ಲಣಾರ್ಯ 1513ರಲ್ಲಿ ‘ಭಾವಚಿಂತಾರತ್ನ’ ಬರೆದ. ಇಂಥ ಕಾವ್ಯಗಳು ಬದುಕಿದ್ದು ಒಬ್ಬರು ಓದಿ ಹತ್ತು ಜನ ಕೇಳುವುದರಿಂದ. ಆ ಪದ್ಧತಿಯ ತುಣುಕು ಇಂದಿಗೂ ಹಳ್ಳಿಗಳ ಶನಿಮಹಾತ್ಮೆ ಕಥೆಯಲ್ಲಿ ಉಳಿದಿದೆ. ಒಬ್ಬರು ಪದ್ಯ ಓದುತ್ತಾರೆ, ಇನ್ನೊಬ್ಬರು ಅರ್ಥ ಹೇಳುತ್ತಾರೆ. ರಾತ್ರಿಯಿಡೀ ನಡೆಯುವುದರಿಂದ ಓದುಗರೂ ಅರ್ಥಧಾರಿಗಳೂ ಬದಲಾಗುತ್ತಾರೆ. ಹೊಸಬ ಎಡವಿದರೆ ಪಕ್ಕದಲ್ಲಿ ಕೂತ ಹಿರಿಯರು ಮೆಲ್ಲಗೆ ಪದ ಎತ್ತಿಕೊಡುತ್ತಾರೆ. ಕರಾವಳಿಯ ತಾಳಮದ್ದಳೆಯಷ್ಟು ವಾದಚಾತುರ್ಯ ಇಲ್ಲಿಲ್ಲ, ನಿಜ. ಆದರೆ ಮೈಕಿನ ಮುಂದೆ ಕೂರುವ ಧೈರ್ಯ ಎಷ್ಟೋ ರೈತರಿಗೆ ಬಂದದ್ದು ಇಲ್ಲಿಯೇ.

ಮೈಕೇ ಇಲ್ಲದ ಕಾಲದಲ್ಲಿ ಕೊನೆಯ ಸಾಲಿನವರೆಗೆ ದನಿ ಮುಟ್ಟಿಸಿದವರು ನಾಟಕದವರು. 1884ರಲ್ಲಿ ಹುಟ್ಟಿದ ಗುಬ್ಬಿಯ ಶ್ರೀ ಚನ್ನಬಸವೇಶ್ವರ ನಾಟಕ ಕಂಪನಿಗೆ ವೀರಣ್ಣನವರು ಬಾಲನಟರಾಗಿ ಸೇರಿದರು, 1917ರಲ್ಲಿ ಅದರ ಒಡೆಯರಾದರು. ಆನೆ ಕುದುರೆಗಳನ್ನೇ ರಂಗಕ್ಕೆ ತಂದ ‘ಕುರುಕ್ಷೇತ್ರ’ದ ವೈಭವವನ್ನು ಎಲ್ಲರೂ ನೆನೆಯುತ್ತಾರೆ. ನನಗೆ ಅದಕ್ಕಿಂತ ಮುಖ್ಯವಾಗಿ ಕಾಣುವುದು ತೆರೆಯ ಹಿಂದಿನ ಬದುಕು. ಒಟ್ಟಿಗೆ ಊಟ, ಒಟ್ಟಿಗೆ ಪ್ರಯಾಣ, ದಿನವೂ ತಾಲೀಮು. ಒಬ್ಬನ ಉಚ್ಚಾರ ತಪ್ಪಿದರೆ ಮರುದಿನದವರೆಗೆ ಉಳಿಯುವ ಸಂಭವವೇ ಕಡಿಮೆ, ಏಕೆಂದರೆ ಆ ಮಾತಿಗೆ ಉತ್ತರ ಕೊಡಬೇಕಾದ ಇನ್ನೊಬ್ಬ ನಟ ಎದುರಿಗೇ ಇರುತ್ತಿದ್ದ. ಮುಂದೆ ರಾಜಕುಮಾರ್ ಆದ ಮುತ್ತುರಾಜ, ಜಿ.ವಿ. ಅಯ್ಯರ್, ಬಿ.ವಿ. ಕಾರಂತ ಇವರೆಲ್ಲ ಆ ಗುಂಪಿನಲ್ಲಿ ಬೆಳೆದವರು. ಕಾರಂತರನ್ನು ಹೆಚ್ಚಿನ ಓದಿಗೆ ಬನಾರಸಿಗೆ ಕಳಿಸಿದವರೂ ವೀರಣ್ಣನವರೇ. 1972ರಲ್ಲಿ ಅವರು ತೀರಿಕೊಂಡರು. ತುಮಕೂರಿನ ಕಲಾಕ್ಷೇತ್ರಕ್ಕೆ ಅವರ ಹೆಸರಿದೆ.

ಕಂಪನಿ ಹೋದರೂ ಅದರ ಅಭ್ಯಾಸ ಹಳ್ಳಿಗಳಲ್ಲಿ ನಿಂತಿತು. ಪೌರಾಣಿಕ ನಾಟಕ ಕಟ್ಟುವ ಊರಿನಲ್ಲಿ ಹಾರ್ಮೋನಿಯಂ ಮೇಷ್ಟ್ರು ಬಂದು ತಿಂಗಳುಗಟ್ಟಲೆ ರಾತ್ರಿ ತಾಲೀಮು ಮಾಡಿಸುತ್ತಾರೆ. ಹಗಲು ತೆಂಗಿನ ತೋಟದಲ್ಲಿ ದುಡಿದವನು ರಾತ್ರಿ ದುರ್ಯೋಧನ. ‘ಲೇ, ಉಸಿರು ಎಲ್ಲಿ ಬಿಡ್ತೀಯ ನೋಡ್ಕೊ’ ಎಂದು ಭೀಮನ ಪಾತ್ರದವನೇ ಅವನನ್ನು ತಿದ್ದುತ್ತಾನೆ. ಇದಕ್ಕಿಂತ ಒಳ್ಳೆಯ ಭಾಷಣ ಶಾಲೆ ಈ ಜಿಲ್ಲೆಯಲ್ಲಿ ಬೇರೊಂದಿಲ್ಲ ಎಂಬುದು ನನ್ನ ಅಭಿಪ್ರಾಯ.

ಓದುಬರಹದ ವಲಯದಲ್ಲಿ ಇಂಥ ಕೂಟ ಕಟ್ಟುವುದು ತಡವಾಯಿತು. ತುರುವೇಕೆರೆ ತಾಲ್ಲೂಕಿನ ಸಂಪಿಗೆಯಲ್ಲಿ ಹುಟ್ಟಿದ ಬಿ.ಎಂ. ಶ್ರೀಕಂಠಯ್ಯನವರ ‘ಕನ್ನಡ ಮಾತು ತಲೆ ಎತ್ತುವ ಬಗೆ’ ಎಂಬ ಹೆಸರಾಂತ ಭಾಷಣ ನಡೆದದ್ದು 1911ರಲ್ಲಿ, ಧಾರವಾಡದ ಕರ್ನಾಟಕ ವಿದ್ಯಾವರ್ಧಕ ಸಂಘದಲ್ಲಿ. ಕೇಳಿ ಚರ್ಚಿಸುವ ಸಂಘ ಅಲ್ಲಿತ್ತು. ನಮ್ಮಲ್ಲಾದರೆ, ತುಮಕೂರಿನ ಸಿದ್ಧಗಂಗಾ ಮಠದಲ್ಲಿ ಸಾವಿರಾರು ಮಕ್ಕಳು ಒಟ್ಟಿಗೆ ಕೂತು ಮಾಡುವ ಸಾಮೂಹಿಕ ಪ್ರಾರ್ಥನೆ ದನಿಯ ಸಂಕೋಚವನ್ನೇನೋ ಕಳೆಯುತ್ತದೆ. ಆಮೇಲಿನ ಹೆಜ್ಜೆಗೆ ಶಾಲೆಗಳು ನೆಚ್ಚಿಕೊಂಡದ್ದು ಸ್ಪರ್ಧೆಯನ್ನು. ಪ್ರತಿಭಾ ಕಾರಂಜಿಯ ಭಾಷಣವನ್ನು ಮೇಷ್ಟ್ರು ಬರೆದುಕೊಡುತ್ತಾರೆ, ಮಗು ಬಾಯಿಪಾಠ ಮಾಡುತ್ತದೆ, ಗೆದ್ದವರು ತಾಲ್ಲೂಕಿಗೆ, ಜಿಲ್ಲೆಗೆ ಹೋಗುತ್ತಾರೆ. ಸೋತ ಮಗುವಿಗೆ ತಾನು ಸೋತದ್ದು ಏಕೆಂದು ಯಾರೂ ಹೇಳುವುದಿಲ್ಲ. ಗೆದ್ದ ಮಗುವಿಗೂ ಹೇಳುವುದಿಲ್ಲ. ಚರ್ಚಾಸ್ಪರ್ಧೆಯಲ್ಲಿ ಎದುರು ಪಕ್ಷದವರನ್ನು ಕೇಳಿಸಿಕೊಳ್ಳುವ ಮೊದಲೇ ಉತ್ತರ ಸಿದ್ಧವಾಗಿರುತ್ತದೆ.

ಪಟ್ಟಣಗಳ ಜೇಸಿ ಸಂಸ್ಥೆಗಳು ನಡೆಸಿದ ಭಾಷಣ ಕಲೆಯ ಶಿಬಿರಗಳು ಎಷ್ಟೋ ವ್ಯಾಪಾರಿಗಳ, ಶಿಕ್ಷಕರ ಸಭಾಕಂಪ ಬಿಡಿಸಿವೆ. ಆದರೆ ಶಿಬಿರ ಮುಗಿದರೆ ಕೂಟವೂ ಮುಗಿಯುತ್ತದೆ. ಟೋಸ್ಟ್‌ಮಾಸ್ಟರ್ಸ್ ಈ ಕೊರತೆಯನ್ನು ಬೇರೆ ರೀತಿ ನಿಭಾಯಿಸಿತು. ರಾಲ್ಫ್ ಸ್ಮೆಡ್ಲಿ 1924ರಲ್ಲಿ ಕ್ಯಾಲಿಫೋರ್ನಿಯಾದಲ್ಲಿ ಆರಂಭಿಸಿದ ಈ ಕೂಟದಲ್ಲಿ ಗುರು ಎಂಬುವರಿಲ್ಲ. ಒಬ್ಬರು ಗಡಿಯಾರ ನೋಡಿ ಹಸಿರು, ಹಳದಿ, ಕೆಂಪು ಸೂಚನೆ ಕೊಡುತ್ತಾರೆ. ಒಬ್ಬರು ಆಂ–ಊಂಗಳನ್ನು ಎಣಿಸುತ್ತಾರೆ. ಒಬ್ಬರು ಎದ್ದು ಎರಡು ಮೂರು ನಿಮಿಷ ಭಾಷಣದ ಗುಣದೋಷ ಹೇಳುತ್ತಾರೆ. ಮುಂದಿನ ಸಭೆಯಲ್ಲಿ ಪಾತ್ರ ಅದಲುಬದಲು. ಬೆಂಗಳೂರಿನ ಐಟಿ ಕಂಪನಿಗಳಲ್ಲಿ ಇದು ಹೆಚ್ಚಾಗಿ ಇಂಗ್ಲಿಷಿನಲ್ಲಿ ನಡೆಯುವುದರಿಂದ ನಮ್ಮವರು ದೂರ ನಿಂತಿದ್ದಾರೆ. ವಿಧಾನವೇನೂ ಪರಕೀಯವಲ್ಲ. ನಮ್ಮ ವೇದಿಕೆಗಳ ‘ಏನಪ್ಪಾ ಅಂದ್ರೆ’, ‘ಈ ಒಂದು ಸಂದರ್ಭದಲ್ಲಿ’ಗಳನ್ನು ಎಣಿಸಲು ಒಬ್ಬರು ಕೂತರೆ ಅವರ ಟಿಪ್ಪಣಿ ಪುಸ್ತಕ ಬೇಗ ತುಂಬುತ್ತದೆ!

ಉದಯ ಟಿವಿಯ ‘ಹರಟೆ’ ಒಂದು ಕಾಲಕ್ಕೆ ತೋರಿಸಿದ್ದೂ ಇದನ್ನೇ: ಎದುರಿಗೆ ಸಮಬಲದ ಮಾತುಗಾರರು ಕೂತಾಗ ಒಬ್ಬೊಬ್ಬರ ಮಾತೂ ಹರಿತವಾಗುತ್ತದೆ. ಈಗ ನಿರೂಪಕರು, ಪ್ರೇರಣಾ ಭಾಷಣಕಾರರು, ಹಾಸ್ಯ ಭಾಷಣಕಾರರು ಎಲ್ಲ ಊರಲ್ಲೂ ಇದ್ದಾರೆ. ಒಬ್ಬೊಬ್ಬರೂ ಒಂಟಿ, ಪರಸ್ಪರ ಭೇಟಿ ಆಗುವುದು ವೇದಿಕೆಯ ಮೇಲೆ ಮಾತ್ರ.

ಕನ್ನಡ ಸಾಹಿತ್ಯ ಪರಿಷತ್ತಿನ ತಾಲ್ಲೂಕು ಘಟಕಗಳು ದತ್ತಿ ಉಪನ್ಯಾಸಗಳ ನಡುವೆ ತಿಂಗಳಿಗೆ ಒಂದು ಸಂಜೆಯನ್ನು ಭಾಷಣಕಾರರು ಒಬ್ಬರನ್ನೊಬ್ಬರು ಕೇಳಿ ತಿದ್ದುವ ಕೂಟಕ್ಕಾಗಿ ಬಿಡಲಿ. ಹಾರ ಶಾಲು ಬೇಡ, ಬ್ಯಾನರ್ ಬೇಡ. ಎಂಟು ಹತ್ತು ಮಂದಿ, ಒಂದು ಗಡಿಯಾರ, ತಲಾ ಏಳು ನಿಮಿಷ, ಆಮೇಲೆ ಮುಖ ನೋಡಿ ಹೇಳುವ ಮಾತು. ಗುಬ್ಬಿಯವರೋ ಕುಣಿಗಲ್ಲಿನವರೋ ಮೊದಲು ಶುರು ಮಾಡಿದರೆ ತುಮಕೂರಿನವರು ಸುಮ್ಮನೆ ಕೂರಲಾರರು. ಮಾತಾಡುವ ಹವ್ಯಾಸವಿರುವ ಓದುಗರು ಘಟಕದ ಅಧ್ಯಕ್ಷರನ್ನು ಈ ವಾರವೇ ಕೇಳಿ ನೋಡಿ.